ಬಾವಿಕಟ್ಟೆಯ ಬದಿಗೆ ನಿಂತವರು

ಕುಂದಾಪುರ
೬-೧೧-೧೯೬೬, ಭಾನುವಾರ

ಪ್ರೀತಿಯ ಜಲಜಳಿಗೆ,

ನಾನು ಇಲ್ಲಿ ಸೌಖ್ಯವಾಗಿದ್ದೇನೆ. ತವರಿನಲ್ಲಿ ನೀನು ಹೇಗಿದ್ದೀ, ಮಗು ಹೇಗಿದೆ? ಮೊನ್ನೆ ಬಸ್ಸಿನಲ್ಲಿ ಬಂದ ನಿನ್ನ ತಮ್ಮ ನಾಗ, ಮಗಳ ಬಣ್ಣ ನನ್ನದು, ಅಳು ಮಾತ್ರ ನಿನ್ನದು ಎಂದು ಹೇಳಿ ಹೋದ. ಹತ್ತೊಂಬತ್ತು ದಿನದ ಕೂಸಿನ ಮೇಲೆ ಈಗಲೇ ಚಾಡಿ ಹೇಳುತ್ತಾನಲ್ಲ! ಅತ್ತೆ ಕೊಡುವ ಕಾಳುಮೆಣಸಿನ ಕಷಾಯವನ್ನು ಮುಖ ಸಿಂಡರಿಸದೆ ಕುಡಿ. ತಲೆಗೆ ನೀರು ಹಾಕಿಕೊಂಡ ಮೇಲೆ ಸಮುದ್ರದ ಗಾಳಿಗೆ ಕೂರಬೇಡ. ನನ್ನ ಊಟದ ಚಿಂತೆ ಬೇಡ. ಗಂಜಿ ಹೇಗೋ ಬೇಯುತ್ತದೆ; ಮೀನಿನ ಸಾರಿಗೆ ಒಂದು ದಿನ ಉಪ್ಪು ಜಾಸ್ತಿ, ಮರುದಿನ ಉಪ್ಪೇ ಇಲ್ಲ, ಎರಡು ದಿನದ್ದು ಸೇರಿಸಿದರೆ ಸರಿಯಾಗುತ್ತದೆ. ‘ಹ್ವಾಯ್’ ಎಂದು ಕರೆಯುವವಳು ಇಲ್ಲದೆ ಈ ಮನೆಯೊಳಗೆ ನನಗೆ ಹೆಸರೇ ಇಲ್ಲದ ಹಾಗಾಗಿದೆ.

ಇಲ್ಲಿಂದ ಮುಂದಿನದನ್ನು ನಾಗನ ಕೈಯಲ್ಲಿ ಓದಿಸಬೇಡ. ಅಕ್ಷರ ಕೂಡಿಸಿಕೊಂಡಾದರೂ ನೀನೇ ಓದಿಕೋ. ಅದಕ್ಕೆಂದೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ವಿಷಯ ನಿನ್ನ ಮೇಸ್ತ್ರಿ ಕೆಲಸದ್ದು. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳು ಎನ್ನುವವಳು, ನಾನು ಸುತ್ತಿ ಬಳಸಿ ಹೇಳುವವನು. ಈ ಸಲ ನೇರವಾಗಿಯೇ ಬರೆಯುತ್ತೇನೆ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವ ನಲವತ್ತು ಹೆಂಗಸರಿಗೆ ಒಬ್ಬಳು ಹೆಂಗಸೇ ಮೇಸ್ತ್ರಿಯಾದಳು, ಅವಳು ನನ್ನ ಹೆಂಡತಿ ಎಂದು ಮೂರು ವರ್ಷದ ಹಿಂದೆ ನಾನು ಬೀಜ ಹುರಿಯುವ ಭಟ್ಟಿಯ ಎದುರು ನಿಂತು ಎಲ್ಲರಿಗೂ ಬೆಲ್ಲ ಹಂಚಿದ್ದೆ. ನೀನು ಹೆರಿಗೆಗೆ ಹೋದ ಮೇಲೆ ನಿನ್ನ ಜಾಗಕ್ಕೆ ನಾಲ್ಕು ತಿಂಗಳ ಮಟ್ಟಿಗೆಂದು ಚೆನ್ನಯ್ಯನನ್ನು ಹಾಕಿದರಲ್ಲ, ಈಗ ಹೆಂಗಸರೆಲ್ಲ ಅವನೇ ಇರಲಿ ಎನ್ನುತ್ತಿದ್ದಾರೆ. ಬರೆಯಬೇಕಾದದ್ದನ್ನು ಬರೆದುಬಿಟ್ಟೆ. ಈಗ ಒಂದು ಗುಟುಕು ನೀರು ಕುಡಿದು ಮುಂದೆ ಓದು.

ಚೆನ್ನಯ್ಯ ಕೆಟ್ಟವನಾಗಿದ್ದರೆ ನನಗೆ ಬೈಯಲಿಕ್ಕಾದರೂ ಆಗುತ್ತಿತ್ತು. ಅವನು ಒಳ್ಳೆಯವನು. ಬೆಳಿಗ್ಗೆ ಗಂಟಲು ಹರಿಯುವ ಹಾಗೆ ಕೂಗುತ್ತಾನೆ, ಗಂಜಿಯ ಹೊತ್ತಿಗೆ ಯಾರಿಗೆ ಕೂಗಿದ್ದೆ ಎಂಬುದೇ ಅವನಿಗೆ ನೆನಪಿರುವುದಿಲ್ಲ. ಸಂಜೆ ಗೇಟಿನಲ್ಲಿ ನೀನಾದರೆ ಒಬ್ಬೊಬ್ಬರನ್ನೇ ಗೋಡೆಯ ಮರೆಗೆ ಕರೆದು, ಬೀಜ ಕದ್ದಿದ್ದಾರೋ ಎಂದು ತುರುಬು, ಸೊಂಟ, ಮಡಿಲು ಎಲ್ಲ ಮುಟ್ಟಿ ನೋಡಿ ಬಿಡುವವಳು. ಇವನು ‘ಸೆರಗು ಕೊಡವಿ’ ಎಂದವನೇ ತೆಂಗಿನಮರದ ತುದಿ ನೋಡುತ್ತ ನಿಲ್ಲುತ್ತಾನೆ. ಆ ಮರದಲ್ಲಿ ಎಷ್ಟು ಕಾಯಿ ಇದೆ ಎಂದು ಅವನನ್ನು ಕೇಳಬೇಕು! ಸೀತು ನನ್ನ ಎದುರೇ ಹೇಳಿದಳು: ‘ಗಂಡ್ಸ್ ಬೈದ್ರೆ ಕೆವಿ ಮಾತ್ರ ನೋವ್ತ್. ಹೆಂಗ್ಸಿಗೆ ನಮ್ದ್ ಎಲ್ಲಾ ಗೊತ್ತಿರತ್ತ್ ಕಾಣಿ, ಅದೇ ಕಷ್ಟ.’ ಯಾವ ಸೀತು ಗೊತ್ತಾಯಿತಲ್ಲ? ಕಾಯಿಲೆಯ ಮಗುವಿಗೆಂದು ಸೊಂಟದಲ್ಲಿ ಒಂದು ಹಿಡಿ ಬೀಜ ಸಿಕ್ಕಿಸಿಕೊಂಡು ಸಿಕ್ಕಿಬಿದ್ದಾಗ, ಆಫೀಸಿಗೆ ತಿಳಿಸದೆ ನೀನು ಬೀಜವನ್ನು ಬುಟ್ಟಿಗೆ ಸುರಿದು ಕಳಿಸಿದೆಯಲ್ಲ, ಅವಳೇ. ನೀನು ಉಳಿಸಿದ್ದು ಅವಳಿಗೆ ನೆನಪಿದೆಯೋ ಇಲ್ಲವೋ, ಕೈಹಾಕಿ ಹಿಡಿದದ್ದು ಚೆನ್ನಾಗಿ ನೆನಪಿದೆ.

ಇನ್ನೊಂದು ಕಾರಣ ಬರೆಯಲು ನನಗೆ ನಾಚಿಕೆಯಾಗುತ್ತದೆ. ಹೊಟ್ಟೆನೋವಿನ ವಿಷಯ. ಹೆಂಗಸರು ಹೊಟ್ಟೆ ಹಿಡಿದುಕೊಂಡು ಎದುರು ನಿಂತರೆ ಸಾಕು, ಚೆನ್ನಯ್ಯ ಕಿವಿಯವರೆಗೆ ಕೆಂಪಾಗಿ ‘ಹೋಯ್ನಿ, ಹೋಯ್ನಿ’ ಎಂದು ಮನೆಗೆ ಕಳಿಸುತ್ತಾನೆ. ಯಾಕೆ, ಏನು ಎಂದು ಕೇಳುವ ಧೈರ್ಯ ಅವನಿಗಿಲ್ಲ. ಹಾಗಾಗಿ ಕೆಲವರಿಗೆ ತಿಂಗಳಿಗೆ ಮೂರು ಸಲ ಹೊಟ್ಟೆನೋವು ಬರುತ್ತಿದೆ. ನಿನ್ನ ಹತ್ತಿರ ಈ ಆಟ ನಡೆಯುತ್ತಿರಲಿಲ್ಲ. ತಕ್ಕಡಿಯ ಹಿಂದಿನ ಗೋಡೆಯಲ್ಲಿ ನೀನು ಇದ್ದಿಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗುರುತು ಬರೆದು ತಿಂಗಳು ತಿಂಗಳಿಗೆ ಗೀಟು ಹಾಕುತ್ತಿದ್ದೆ. ಸುಳ್ಳು ಹೇಳಿದವಳು ಅಲ್ಲೇ ಸಿಕ್ಕಿಬೀಳುತ್ತಿದ್ದಳು. ನಿಜ ಇದ್ದವಳು ಬಾಯಿಬಿಡುವ ಮೊದಲೇ ಒಂದು ದಿನ ರಜೆ, ಮತ್ತೆರಡು ದಿನ ಕೂತಲ್ಲೇ ಬೀಜ ಆರಿಸುವ ಕೆಲಸ ಸಿಗುತ್ತಿತ್ತು. ಹೋಗುವಾಗ ಆ ಗೀಟಿನ ಲೆಕ್ಕವನ್ನು ಮುದುಕಿ ಬೆಳ್ಳಿಗೆ ಒಪ್ಪಿಸಿ ಹೋಗಿದ್ದೆಯಂತೆ. ಅವಳು ಚೆನ್ನಯ್ಯನ ಹತ್ತಿರ ಬಂದು ‘ಇದ್ ಖರೆ, ಇದ್ ಸುಳ್ಳ್’ ಎಂದು ಪಿಸುಗುಟ್ಟುತ್ತಿದ್ದಳು. ಅಲ್ಲಿಯವರೆಗೆ ಹೇಗೋ ನಡೆಯಿತು. ಆಯುಧಪೂಜೆಗೆಂದು ಧಣಿಗಳು ಕಾರ್ಖಾನೆಗೆಲ್ಲ ಸುಣ್ಣ ಹೊಡೆಸಿದರು. ನಿನ್ನ ಗೋಡೆಯೂ ಬೆಳ್ಳಗಾಯಿತು. ಆಮೇಲೆ ಬೆಳ್ಳಿಯ ಕೈಯಲ್ಲಿ ಏನೂ ಉಳಿಯಲಿಲ್ಲ.

ನಿನ್ನೆ ಶನಿವಾರ ಮಧ್ಯಾಹ್ನ ಧಣಿಗಳು ಎಲ್ಲರನ್ನೂ ಅಂಗಳಕ್ಕೆ ಕರೆದರು. ಜಲಜ ಬೇಕೆನ್ನುವವರು ತಕ್ಕಡಿಯ ಬದಿಗೆ, ಚೆನ್ನಯ್ಯ ಸಾಕೆನ್ನುವವರು ಬಾವಿಕಟ್ಟೆಯ ಬದಿಗೆ ನಿಲ್ಲಿ ಎಂದರು. ಸೀತು ಮೊದಲು ಹೊರಟಳು. ಅವಳ ಹಿಂದೆ ಒಬ್ಬರು, ಇಬ್ಬರು, ಆಮೇಲೆ ಎಲ್ಲರೂ. ಯಾರೂ ನನ್ನ ಮುಖ ನೋಡಲಿಲ್ಲ. ಬೆಳ್ಳಿ ಒಬ್ಬಳೇ ತಕ್ಕಡಿಯ ಹತ್ತಿರ ಕದಲದೆ ಕೂತಿದ್ದಳು. ನನಗೆ ಎದೆ ತುಂಬಿ ಬಂತು. ಹತ್ತಿರ ಹೋಗಿ ಕೇಳಿದರೆ, ‘ಮೊಣಕಾಲ್ ನೋವ್ ಮಾರಾಯಾ, ಬಾವಿ ವರೆಗ್ ಯಾರ್ ನಡೀತ್ರ್’ ಎಂದಳು!

ಆಗ ಧಣಿಗಳು ನನ್ನ ಕಡೆ ತಿರುಗಿ, ‘ನೀ ಎಂತ ಹೇಳ್ತೆ ಸೂರ?’ ಎಂದು ಕೇಳಿದರು. ಜಲಜ, ಹೇಳಬೇಕಾದದ್ದು ಎಷ್ಟೋ ಇತ್ತು. ನೀನು ಬರುವ ಮೊದಲು ಗೇಟಿನ ವಾಚ್‌ಮನ್ ಇದೇ ಹೆಂಗಸರನ್ನು ಎಲ್ಲರೆದುರು ಸೀರೆ ಕೊಡವಿಸಿ ಕುಣಿಸುತ್ತಿದ್ದದ್ದು, ಅದನ್ನು ಗೋಡೆಯ ಮರೆಗೆ ಒಯ್ದವಳು ನೀನು ಎಂಬುದು, ಎಲ್ಲ ನಾಲಿಗೆಯ ತುದಿಯವರೆಗೆ ಬಂತು. ನಲವತ್ತು ಹೆಂಗಸರು, ಧಣಿಗಳು, ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಗುಮಾಸ್ತ ಪ್ರೇಮಾನಂದ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇಷ್ಟೇ: ‘ನಾನ್ ಎಂತ ಹೇಳುದ್ ಧಣಿ, ಮನೆಯೊಳ್ಗೆ ನಾನೂ ಅವ್ಳ್ ಕೈಕೆಳ್ಗೇ ಇಪ್ದ್.’ ಎಲ್ಲರೂ ನಕ್ಕರು. ಧಣಿಗಳೂ ಹೊಟ್ಟೆ ಕುಲುಕಿಸಿ ನಕ್ಕರು. ಆ ನಗುವಿನಲ್ಲೇ ಮಾತು ಮುಗಿದುಹೋಯಿತು. ‘ಹೆಂಗ್ಸ್ರೇ ಹೆಂಗ್ಸ್ ಬ್ಯಾಡ ಅಂದ್ ಮೇಲೆ ನಾನೆಂತ ಮಾಡುದ್? ಸಿಪ್ಪೆ ತೆಗೂಕೆ ಅವ್ಳಿಗ್ ಜಾಗ ಕೊಡ್ತೆ’ ಎಂದು ಧಣಿಗಳು ಒಳಗೆ ಹೋದರು. ನಿನ್ನ ಪರವಾಗಿ ಒಂದು ಮಾತಾಡಲು ಸಿಕ್ಕಿದ ಒಂದೇ ಅವಕಾಶದಲ್ಲಿ ನಾನು ತಮಾಷೆ ಮಾಡಿಬಿಟ್ಟೆ.

ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆದರೆ ನೀನು ಹಚ್ಚಿಕೊಳ್ಳದೆ ಇರುವವಳಲ್ಲ. ಆದರೂ ಹಾಲು ಕುಡಿಯುವ ಕೂಸಿದೆ, ಊಟ ಬಿಡಬೇಡ. ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಮಗಳ ನೆತ್ತಿಯ ಮೇಲೆ ನನ್ನ ಹೆಸರು ಹೇಳಿ ಒಮ್ಮೆ ಕೈಯಿಡು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ಇಂತು ನಿನ್ನವನೇ ಆದ
ಸೂರ

ಮಂಗಳವಾರ, ೮-೧೧

ಮರೆತ ಮಾತು ಎಂದು ಬರೆಯೋಣವೆಂದರೆ ಮರೆತದ್ದಲ್ಲ, ಮುಚ್ಚಿಟ್ಟದ್ದು. ಕಾಗದ ಡಬ್ಬಿಗೆ ಹಾಕುವ ಮೊದಲೇ ನಿನ್ನೆಯ ಸಂಗತಿ ನಡೆದುಹೋಯಿತು. ದೀಪಾವಳಿಗೆ ಕಳಿಸಬೇಕಾದ ಮಾಲು ಹಿಂದೆ ಬಿದ್ದಿದೆ ಎಂದು ಧಣಿಗಳು ಚೆನ್ನಯ್ಯನಿಗೆ ಬೆಳಿಗ್ಗೆಯೇ ಬೈದರು. ಅವನು ಹೆದರಿ, ಇನ್ನು ಮೇಲೆ ಹೊಟ್ಟೆನೋವು ಇದ್ದವರು ಪ್ರೇಮಾನಂದನಿಗೆ ಕಾರಣ ಹೇಳಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು ಎಂದ. ಆ ಮೂಲೆಯಲ್ಲಿ ಕೂರುವ ಸುಂದರಿ ಗೊತ್ತಲ್ಲ, ಹತ್ತೊಂಬತ್ತರ ಹುಡುಗಿ, ನಿಜವಾಗಿ ನೋವಿದ್ದವಳು ಅವಳೊಬ್ಬಳೇ. ಅವಳು ಹೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬುಟ್ಟಿ ಹೊತ್ತಳು. ನಾಲ್ಕು ಗಂಟೆಗೆ ಒಣಗಿಸುವ ಕೋಣೆಯ ಮೆಟ್ಟಿಲಲ್ಲಿ ಬಿದ್ದಳು. ಸೀರೆಯೆಲ್ಲ ರಕ್ತ. ಹೆಂಗಸರು ಸುತ್ತ ಸೆರಗು ಹಿಡಿದು ನಿಂತರು. ಚೆನ್ನಯ್ಯ ಓಡಿಹೋಗಿ ಒಂದು ಗೋಲಿ ಸೋಡಾ ತಂದು, ಯಾರಿಗೆ ಕೊಡಬೇಕೆಂದು ತಿಳಿಯದೆ, ಕೈಯಲ್ಲಿ ಹಿಡಿದುಕೊಂಡು ಗೋಡೆಯ ಆಚೆ ಅಳುತ್ತಿದ್ದ. ‘ನಂಗ್ ಒಬ್ರಾರೂ ಹೇಳ್‌ಬೇಕಲ್ದಾ ಸೂರ?’ ಎಂದ. ಸುಂದರಿಯ ಜೀವಕ್ಕೆ ಭಯವಿಲ್ಲ, ಒಂದು ವಾರ ಮಲಗಿರಬೇಕು ಎಂದಿದ್ದಾರೆ ಡಾಕ್ಟರು.

ಮುಚ್ಚಿಟ್ಟ ಮಾತು ಇದು. ನಿನ್ನ ಗೋಡೆಗೆ ಸುಣ್ಣ ಹೊಡೆದವನು ನಾನೇ. ಗೀಟುಗಳು ಏನೆಂದು ನನಗೆ ಗೊತ್ತಿತ್ತು, ಸೀತು ಹೇಳಿದ್ದಳು. ‘ನಮ್ಮ್ ಮೈಯ್ ಲೆಕ್ಕ ಗ್ವಾಡೆ ಮೇಲ್ ಯಾಕ್’ ಎಂದಳು, ನನಗೂ ಹೌದೆನ್ನಿಸಿತು. ಎರಡು ಸಲ ಹೊಡೆದೆ. ಹೆಂಗಸರು ನಗುತ್ತ ಎಲೆ-ಅಡಿಕೆ ಕೊಟ್ಟರು, ನಾನು ತಿಂದೆ.

ಇಂದು ಧಣಿಗಳ ಹತ್ತಿರ ಹೋಗಿ, ಈ ಸಲ ತಮಾಷೆ ಮಾಡದೆ, ಎಲ್ಲ ಹೇಳಿದೆ. ದೀಪಾವಳಿ ಕಳೆದು ಎಂಟು ದಿನದೊಳಗೆ ನೀನು ಬಂದರೆ ನಿನ್ನ ಜಾಗ ನಿನಗೆ, ಇಲ್ಲವಾದರೆ ಚೆನ್ನಯ್ಯನೇ ಖಾಯಂ ಎಂದರು. ಆಗ ಮಗುವಿಗೆ ನಲವತ್ತು ದಿನವೂ ತುಂಬಿರುವುದಿಲ್ಲ. ಬಾ ಎಂದು ಬರೆಯಲು ಕೈ ಬರುವುದಿಲ್ಲ, ಬರಬೇಡ ಎಂದು ಬರೆಯಲೂ ಬರುವುದಿಲ್ಲ.

ಈಗ ತಾನೇ ಹೆಂಗಸರು ನಮ್ಮ ಅಂಗಳಕ್ಕೆ ಬಂದಿದ್ದರು. ಶನಿವಾರ ನೀವೆಲ್ಲ ಬಾವಿಕಟ್ಟೆಯ ಬದಿಗೆ ನಿಂತವರಲ್ಲವೇ ಎಂದು ಸಿಟ್ಟಿನಲ್ಲೇ ಕೇಳಿದೆ. ಸೀತು ತಲೆ ತಗ್ಗಿಸಲಿಲ್ಲ. ‘ನಿಂತದ್ದ್ ಹೌದ್. ನಾಳೆ ಕೇಂಡ್ರೂ ನಾವ್ ಅಲ್ಲೇ ನಿಲ್ಲುದ್. ಆರೆ ಸುಂದರಿ ಬಿದ್ದದ್ದ್ ಕಂಡ್ ಮೇಲೆ ಜಲಜಕ್ಕ ಬರ್ಕ್, ಹಾಂಗಂದ್ ಬರೀನಿ’ ಎಂದಳು.

ನೀನು ಬರಬೇಕೆಂದು ಅವಳು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ. ಅವಳಿಗೆ ಏನು ಉತ್ತರ ಕೊಡಬೇಕೋ ನೀನೇ ಬರೆದು ತಿಳಿಸು.