ಕೇಳದೆ ಅಂದ ಹೂಂ

ದಾವಣಗೆರೆ,
೧೬ ನವೆಂಬರ್ ೨೦೨೫, ಭಾನುವಾರ ಬೆಳಿಗ್ಗೆ

ಪ್ರೀತಿಯ ನೌಮಾನ್ ಭಾಯಿಗೆ ತಂಗಿ ಮುಬಶ್ಶಿರಾಳ ಸಲಾಂ.

ಹೇಗಿದ್ದೀಯ? ಪೊಲೀಸ್ ತರಬೇತಿಯಲ್ಲಿ ಓಡಿ ಓಡಿ ಕಾಲಿಗೆ ಬೊಬ್ಬೆ ಬಂದಿದೆ ಅಂತ ಹೋದ ಸಲ ಬರೆದಿದ್ದೆ, ವಾಸಿಯಾಯಿತೆ? ಕೊಬ್ಬರಿ ಎಣ್ಣೆ ಹಚ್ಚಿಕೋ ಅಂತ ಅಮ್ಮಿ ಹೇಳಿದ್ದಾರೆ. ಅಲ್ಲಿ ನಿಮ್ಮೆಲ್ಲರ ಮೊಬೈಲ್ ತೆಗೆದಿಟ್ಟುಕೊಂಡದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ನನ್ನ ಹತ್ತಿರ ಅದು ಇದ್ದದ್ದರಿಂದಲೇ ಈಗಿನ ಫಜೀತಿ. ಅಬ್ಬಾ, ಅಮ್ಮಿ ಚೆನ್ನಾಗಿದ್ದಾರೆ. ನಿನ್ನೆ ಮಧ್ಯಾಹ್ನ ಚಿತ್ರದುರ್ಗಕ್ಕೆ ಮದುವೆಗೆ ಹೋದರು, ಬರುವುದು ಇವತ್ತು ಸಂಜೆ. ದಾದಾ ಕೂಡ ಚೆನ್ನಾಗಿದ್ದಾರೆ ಅಂತ ಬರೆಯಬೇಕು. ಆದರೆ ಅವರು ಬೆಳಗಿನ ನಮಾಜು ಮುಗಿದಾಗಿನಿಂದ ಬಿಳಿ ಜುಬ್ಬಾ ಹಾಕಿಕೊಂಡು ಗೇಟಿನ ಬಳಿ ಕುರ್ಚಿಯಲ್ಲಿ ಕೂತಿದ್ದಾರೆ. ಗೇಟಿಗೆ ಬೀಗ ಹಾಕಿದೆ, ಕೀಲಿ ನನ್ನ ಕೊರಳಲ್ಲಿದೆ.

ಈ ಬೀಗ ನೀನು ಹೋದ ಮೇಲೆ ಬಂದದ್ದು. ದಾದಾ ಎರಡು ಸಲ ಯಾರಿಗೂ ಹೇಳದೆ ಹರಿಹರದ ಬಸ್ಸಿಗೆ ಹೊರಟರು. ಎರಡನೆಯ ಸಲ ಬಸ್ ಸ್ಟ್ಯಾಂಡಿನಲ್ಲೇ ಉಸಿರು ಕಟ್ಟಿ ಬಿದ್ದರು. ಮಂಡಕ್ಕಿ ಭಟ್ಟಿಯ ಹೊಗೆ ಕುಡಿದ ಎದೆ ಅದು, ನಿನಗೆ ಗೊತ್ತಲ್ಲ. ಅಂದಿನಿಂದ ಅಬ್ಬಾ ಅಂಗಡಿಗೆ ಹೋಗುವಾಗ ಬೀಗ ಹಾಕಿ ಕೀಲಿ ನನಗೆ ಕೊಡುತ್ತಾರೆ. ಜೊತೆಗೆ ದಿನಾ ಸಂಜೆ ಒಂದು ಗಂಟೆ ದಾದಾನ ಮುಂದೆ ಕೂತು ಕಥೆ ಕೇಳುವ ಡ್ಯೂಟಿ. ಅದು ನಿನ್ನ ಡ್ಯೂಟಿಯಾಗಿತ್ತು. ನೀನು ಲಾಠಿ ಹಿಡಿಯಲು ಓಡಿಹೋದೆ, ನಾನು ಸಿಕ್ಕಿಬಿದ್ದೆ. ತಾತ ಕೈದಿ, ಮೊಮ್ಮಗಳು ಕಾವಲು ಅಂತ ನೆರೆಯವರು ತಮಾಷೆ ಮಾಡುತ್ತಾರೆ. ನಾನೂ ಅದೇ ಗೇಟಿನ ಒಳಗಿದ್ದೇನೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಶಿಕ್ಷಕರ ಪರೀಕ್ಷೆಗೆ ಮೂರೇ ವಾರ ಉಳಿದಿದೆ. ಸಿಟ್ಟು ಬರುತ್ತದೆ ಭಾಯಿ, ಸುಳ್ಳು ಯಾಕೆ ಹೇಳಲಿ.

ಕಥೆ ಹೇಳುವಾಗ ದಾದಾ ಉರ್ದು ಬಿಟ್ಟು ಕನ್ನಡಕ್ಕೆ ಬರುತ್ತಾರೆ. ಭಟ್ಟಿಯ ಮಾತೆಲ್ಲ ಹರಿಹರದಾಚೆಯ ಭಾನುವಳ್ಳಿಯ ಕಲ್ಲಪ್ಪನ ಜೊತೆ ಆಡಿದ್ದಲ್ಲವೇ. ಒಂದೇ ಒಲೆಗೆ ಇಬ್ಬರು. ಕಾದ ಮರಳನ್ನೂ ಅದರಲ್ಲಿ ಅರಳಿದ ಮಂಡಕ್ಕಿಯನ್ನೂ ಒಟ್ಟಿಗೇ ಸುರಿಯುವವರು ದಾದಾ, ಜರಡಿ ಹಿಡಿಯುವವನು ಕಲ್ಲಪ್ಪ. ಹೊಗೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. ಅದಕ್ಕೇ ಜರಡಿಯವನು ಕೈ ಸರಿಸಿಕೊಂಡು “ಹೂಂ” ಅನ್ನಬೇಕು, ಆಮೇಲೆ ಸುರಿಯಬೇಕು. ಇದನ್ನು ನಲವತ್ತು ಸಲ ಕೇಳಿದ್ದೇನೆ. ಪ್ರತಿಸಲವೂ ಇಲ್ಲಿಗೇ ನಿಲ್ಲಿಸಿ ನೀರು ಕೇಳುತ್ತಾರೆ. ಕಥೆಗೂ ಹೂಂಗುಟ್ಟುತ್ತಿರಬೇಕು, ಇಲ್ಲದಿದ್ದರೆ ಅವರು ಮುಂದೆ ಹೋಗುವುದಿಲ್ಲ. ನಾನು ಮೊಬೈಲಿನಲ್ಲಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾ, ಮಾತಿಗೊಂದು ಹೂಂ ಅನ್ನುತ್ತಾ ಕೂತಿರುತ್ತೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಗುರುವಾರ ದಾದಾ ಏನೋ ಕೇಳಿದರು, ಹೂಂ ಅಂದೆ. ಇನ್ನೊಮ್ಮೆ ಕೇಳಿದರು, ಮತ್ತೆ ಹೂಂ ಅಂದೆ. ಊಟಕ್ಕೆ ಕೂತಾಗ ಅಮ್ಮಿಗೆ ಹೇಳುತ್ತಾರೆ, “ಭಾನುವಾರ ಮುಬಿ ನನ್ನ ಭಾನುವಳ್ಳಿಗೆ ಕರ್ಕಂಡು ಹೋಗ್ತಾಳೆ. ಕಲ್ಲಪ್ಪ ಇನ್ನೂ ಅದಾನಂತೆ, ಸೊಪ್ಪು ಮಾರೋ ಅಬ್ರಾರ್ ಹೇಳಿದ.” ನಾನು ಹೂಂ ಅಂದದ್ದು ಇದಕ್ಕೆ ಅಂತ ಆಗಲೇ ಗೊತ್ತಾದದ್ದು. ಅಬ್ಬಾ ದಾದಾನ ಎದುರು ನಕ್ಕುಬಿಟ್ಟರು. ಮದುವೆಗೆ ಹೊರಡುವಾಗ ಮಾತ್ರ ನನಗೆ ಗಟ್ಟಿಯಾಗಿ ಹೇಳಿದರು, “ಗೇಟ್ ತೆಗಿಬ್ಯಾಡ. ದಾರ್‍ಯಾಗ ಏನಾರ ಆದ್ರೆ ನಾನು ಯಾರನ್ನ ಕೇಳ್ಲಿ?”

ಅವರು ಹೋದ ಮೇಲೆ ದಾದಾನ ಕಾಲ ಬಳಿ ಕೂತು ನಿಜ ಹೇಳಿಬಿಟ್ಟೆ. ನಾನು ಕೇಳಿಸಿಕೊಂಡಿರಲಿಲ್ಲ ದಾದಾ, ಸುಮ್ಮನೆ ಹೂಂ ಅಂದೆ ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯದೆ, ನಲವತ್ತು ಸಲ ನಿಲ್ಲಿಸಿದ ಜಾಗದಿಂದ ಕಥೆಯನ್ನು ಮುಂದುವರಿಸಿದರು.

ಅದು ನಮ್ಮ ಅಬ್ಬಾ ಹುಟ್ಟಿದ ದಿನವಂತೆ. ಗಂಡುಮಗು ಅಂತ ಭಟ್ಟಿಗೆ ಸುದ್ದಿ ಬಂತು. ಕೊನೆಯ ಬಾಣಲೆ ಇಳಿಸಿ ಮನೆಗೆ ಓಡುವ ಆತುರದಲ್ಲಿ ದಾದಾ ಕಲ್ಲಪ್ಪನ ಹೂಂ ಬರುವ ಮೊದಲೇ ಸುರಿದುಬಿಟ್ಟರು. ಅವನ ಬಲಗೈ ಮೊಣಕೈವರೆಗೂ ಸುಟ್ಟಿತು. “ನಾ ಹೂಂ ಅಂದಿದ್ದಿಲ್ಲಲ್ಲೋ ಗೌಸು” ಅಂತ ದಾದಾನ ಹೆಸರು ಹಿಡಿದು ಅಷ್ಟೇ ಅಂದನಂತೆ. ಊರಿಗೆ ಹೋದವನು ಮತ್ತೆ ಭಟ್ಟಿಗೆ ಬರಲಿಲ್ಲ. ಈ ಐವತ್ತೆರಡು ವರ್ಷದಲ್ಲಿ ದಾದಾ ಎಷ್ಟೋ ಸಲ ಹರಿಹರದವರೆಗೆ ಹೋಗಿ, ಭಾನುವಳ್ಳಿ ಬಸ್ಸು ನಿಂತಿರುವುದನ್ನು ನೋಡಿ, ಹತ್ತಲು ಧೈರ್ಯ ಸಾಲದೆ ತಿರುಗಿ ಬಂದಿದ್ದಾರೆ. “ನೀನು ಹುಟ್ಟಿದ ಖುಷಿಯಲ್ಲಿ ಇನ್ನೊಬ್ಬನ ಕೈ ಸುಟ್ಟೆ” ಅಂತ ಮಗನಿಗೆ ಹೇಗೆ ಹೇಳುವುದು? ಅಬ್ಬಾನಿಗೆ ಇದು ಇಂದಿಗೂ ಗೊತ್ತಿಲ್ಲ. ಜೊತೆಗೆ ಬಾ ಅಂತ ನಿನ್ನನ್ನೂ ಕೇಳಿದ್ದರಂತೆ ಭಾಯಿ, ನೀನೂ ಹೂಂ ಅಂದಿದ್ದೆಯಂತೆ. ನಿನಗೆ ನೆನಪಿರಲಿಕ್ಕಿಲ್ಲ.

ಕಡೆಗೆ ನನ್ನ ತಲೆ ಸವರಿ, “ಕೇಳದೆ ಅಂದಿದ್ದು ಹೂಂ ಅಲ್ಲ, ಬಿಡಮ್ಮಾ” ಅಂದರು. ಹೋಗುವ ಆಸೆ ಬಿಟ್ಟರು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಕುರ್ಚಿಯಲ್ಲಿ ಕೂತಿದ್ದಾರೆ. ಏನೂ ಕೇಳುತ್ತಿಲ್ಲ, ನನ್ನ ಕಡೆ ನೋಡುತ್ತಲೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಬಸ್ಸಿನಲ್ಲಿ ಉಸಿರು ಕಟ್ಟಿದರೆ ಏನು ಮಾಡಲಿ? ಅಷ್ಟು ದೂರ ಹೋದ ಮೇಲೆ ಕಲ್ಲಪ್ಪ ಮುಖ ತಿರುಗಿಸಿದರೆ? ಏಳು ತಿಂಗಳು ದಿನಾ ಪಕ್ಕದಲ್ಲಿ ಕೂತೂ ಈ ಮನುಷ್ಯ ಯಾರೆಂದು ನನಗೆ ಗೊತ್ತಿರಲಿಲ್ಲ ಅಂತ ನಾಚಿಕೆಯಾಗುತ್ತಿದೆ, ಅಳುವೂ ಬರುತ್ತಿದೆ.

ಹೊಟ್ಟೆ ತುಂಬ ಉಣ್ಣು, ಮೇಲಿನವರಿಗೆ ಎದುರು ಮಾತಾಡಬೇಡ. ದಾದಾನ ದುವಾ ನಿನ್ನ ಮೇಲಿದೆ.

ನಿನ್ನ ತಂಗಿ,
ಮುಬಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಗೇಟು ತೆಗೆದೆ. ಉಸಿರಿನ ಪಂಪು ಬ್ಯಾಗಿನಲ್ಲಿದೆ, ಈ ಪತ್ರವನ್ನು ಹರಿಹರದಲ್ಲಿ ಡಬ್ಬಿಗೆ ಹಾಕುತ್ತೇನೆ, ಸಂಜೆ ಅಬ್ಬಾನ ಬೈಗುಳ ನನಗಿರಲಿ. ಗೇಟು ತೆಗೆದರೂ ದಾದಾ ಏಳಲಿಲ್ಲ. ಗುರುವಾರ ಕೇಳಿದ್ದನ್ನೇ ಮೊದಲಿನಿಂದ ಮತ್ತೆ ಕೇಳಿದರು. ಪೂರ್ತಿ ಕೇಳಿಸಿಕೊಂಡು ಹೂಂ ಅಂದೆ. ಆಮೇಲೆ ಎದ್ದರು.