ಮುದುಕಿಯರು ನಡೆಯುತ್ತಿದ್ದ ಕಾಲ

ಖಣಿ ಸೇರಿದ ತೊಂಬತ್ತೊಂದನೆಯ ವರ್ಷ, ಬೇಸಿಗೆ
(ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೨೬೦ರ ಆಸುಪಾಸು)
ಕಾಗಿಣಾ ನದಿಯ ಹಳೆಯ ಪಾತ್ರದ ಕೆಳಗೆ

ಬಿಸಿಲಿನಲ್ಲಿ ಓಡಾಡುವ ತಾಯಂದಿರಿಗೆ ಮಹಾನಂದಾ ಮಾಡುವ ಶರಣು.

ನನ್ನ ಬರವಣಿಗೆಯಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಪದಗಳು ಬರುತ್ತವೆ, ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಷ್ಟಪಟ್ಟು ಕಲಿತವಳು. ನೀವು ‘ಸಂಜೆ’ ಎಂದು ಬರೆದದ್ದನ್ನು ಓದುವಾಗ ಈಗಲೂ ಒಂದು ಕ್ಷಣ ತಡೆದು, ಅದು ಏನಿದ್ದಿರಬಹುದೆಂದು ಯೋಚಿಸುತ್ತೇನೆ. ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ನನಗೆ ಗೊತ್ತಿಲ್ಲ. ಹಿಂದಕ್ಕೆ ಹರಿಯುವ ನೀರನ್ನು ಯಾರೂ ಕಂಡಿಲ್ಲ. ಆದರೆ ಮುಂದಿನವರಿಗೆ ಬರೆದು ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ನನಗೆ ಉಳಿದವರು ಹಿಂದಿನವರಾದ ನೀವು ಮಾತ್ರ.

ನಿಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಪರ್ಸಿಕಲ್ಲನ್ನು ಕಡಿದು ತೆಗೆದ ಹೊಂಡಗಳಿವೆಯಲ್ಲ, ಅವುಗಳಲ್ಲೇ ನಾವು ಬದುಕುತ್ತೇವೆ. ಮೇಲೆ ಹಗಲಿನ ಕಾವು ಮನುಷ್ಯರು ತಡೆಯಲಾರದಷ್ಟು ಏರಿದಾಗ ನಮ್ಮ ಅಜ್ಜಿಯರು ಕುದಿಯುವ ಊರು ಬಿಟ್ಟು ಹಳೆಯ ಖಣಿಗಳಿಗೆ ಇಳಿದರು, ಮೇಲೆ ಚಾವಣಿ ಹಾಕಿದರು, ಗೋಡೆಗಳಲ್ಲಿ ಮನೆ ಕೊರೆದರು. ಇದನ್ನು ಖಣಿಯೂರು ಎನ್ನುತ್ತೇವೆ. ನಮ್ಮ ರೊಟ್ಟಿ ಜೋಳದ್ದಲ್ಲ, ತೊಟ್ಟಿಗಳಲ್ಲಿ ಬೆಳೆಸಿದ ಪಾಚಿಯ ಹಿಟ್ಟಿನದು. ತಟ್ಟುವಾಗ ಕೈಗೆ ಹಸಿರು ಹತ್ತುತ್ತದೆ. ನಮ್ಮ ಹಗಲು ಎಂದರೆ ದೀಪ ಹಚ್ಚಿದ ಹೊತ್ತು. ಕಲ್ಲನ್ನು ತಂಪಾಗಿಡಲು ಗೋಡೆಗಳ ಒಳಗೆ ನೀರು ಹರಿಸುತ್ತಾರೆ, ಅದು ಜಿನುಗಿ ನೆಲವೆಲ್ಲ ಸದಾ ಒದ್ದೆ. ಒದ್ದೆ ಪರ್ಸಿಯ ಮೇಲೆ ಕಾಲಿಟ್ಟವರಿಗೆ ಅದು ಎಷ್ಟು ಜಾರುತ್ತದೆಂದು ನಾನು ಹೇಳಬೇಕಾಗಿಲ್ಲ. ನಮ್ಮ ಮೈಗೆ ಬಿಸಿಲು ತಾಗುವುದಿಲ್ಲವಾದ್ದರಿಂದ ದಿನವೂ ದೀಪ ಹಚ್ಚುವ ಹೊತ್ತಿಗೆ ಎಲ್ಲರ ನಾಲಿಗೆಯ ಮೇಲೆ ಒಂದು ಹನಿ ಔಷಧ ಬಿಡುತ್ತಿದ್ದರು. ನೀವು ಅದನ್ನು ವಿಟಮಿನ್ ಡಿ ಎನ್ನುತ್ತಿದ್ದಿರಂತೆ. ನಾವು ಬಿಸಿಲಹನಿ ಎನ್ನುತ್ತೇವೆ.

ನಾನು ಹೇಳಬೇಕಾದದ್ದು ನನ್ನ ಅಕ್ಕ ಜಗದೇವಿಯ ಸಂಗತಿ. ಆಕೆ ಶಾಲೆಯಲ್ಲಿ ಮಕ್ಕಳಿಗೆ ಲೇಜಿಮು ಕುಣಿತ ಕಲಿಸುತ್ತಿದ್ದವಳು. ದೊಡ್ಡ ಗಂಟಲು, ಬೇಗ ಬರುವ ಸಿಟ್ಟು, ಅಷ್ಟೇ ಬೇಗ ಬರುವ ನಗು. ಭಾವ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದಳು. ಬಂದ ದಿನವೇ ನನ್ನ ಅಡುಗೆಯ ಗೂಡನ್ನೆಲ್ಲ ತನಗೆ ಬೇಕಾದಂತೆ ಜೋಡಿಸಿಟ್ಟಳು. ಅದಕ್ಕಾಗಿ ನಾವಿಬ್ಬರೂ ಬಹಳ ದಿನ ಮಾತು ಬಿಟ್ಟಿದ್ದೆವು. ಆಮೇಲೆ ಅವಳು ಜೋಡಿಸಿದ್ದೇ ಸರಿ ಎಂದು ನನಗೂ ಅನಿಸಿತು. ಹಾಗೆಂದು ಅವಳ ಮುಂದೆ ಹೇಳಲಿಲ್ಲ.

ನಮಗೆ ಅರವತ್ತು ದಾಟಿದ್ದಾಗ ಬಿಸಿಲಹನಿ ತಯಾರಿಸುವ ಯಂತ್ರಗಳಲ್ಲಿ ಅರ್ಧ ಕೆಟ್ಟು ನಿಂತವು. ಇದ್ದ ಹನಿಯನ್ನು ಯಾರಿಗೆ ಕೊಡಬೇಕೆಂದು ಊರನ್ನು ಆಳುವ ಪಾಲಕರು ಸಭೆ ಕೂಡಿ, ಮೊದಲು ಮಕ್ಕಳಿಗೆ, ಬಸುರಿಯರಿಗೆ, ದುಡಿಯುವವರಿಗೆ ಎಂದು ತೀರ್ಮಾನಿಸಿದರು. ಅದನ್ನು ನಾವು ಯಾರೂ ತಪ್ಪು ಎನ್ನಲಿಲ್ಲ. ಮೊಮ್ಮಕ್ಕಳ ಬಾಯಿಂದ ಹನಿ ಕಿತ್ತುಕೊಳ್ಳುವ ಅಜ್ಜಿ ಎಲ್ಲಿದ್ದಾಳೆ? ಆದರೆ ಒಂದೆರಡು ಬೇಸಿಗೆ ಕಳೆಯುವುದರೊಳಗೆ ನಮ್ಮ ಓಣಿಯ ಹೆಂಗಸರು ಬೀಳತೊಡಗಿದರು. ತೊಡೆಗಳಲ್ಲಿ ಕಸುವಿಲ್ಲ, ನಿಂತರೆ ತೂಗಾಟ. ಗಂಡಸರೂ ಬೀಳುತ್ತಿದ್ದರು, ಆದರೆ ಬಿದ್ದ ಹೆಂಗಸರ ಎಲುಬು ಸುಲಭವಾಗಿ ಮುರಿಯುತ್ತಿತ್ತು. ಮುಟ್ಟು ನಿಂತ ಮೇಲೆ ಹೆಣ್ಣಿನ ಎಲುಬು ಒಳಗೊಳಗೇ ಸವೆಯುತ್ತದೆ ಎಂದು ನಮ್ಮ ಡಾಕ್ಟರ್ ಪರ್ವೀನ್ ಹೇಳುತ್ತಿದ್ದರು. ಎದುರು ಮನೆಯ ಕಾಶೀಬಾಯಿ ಒಲೆಯಿಂದ ಪಾತ್ರೆ ಇಳಿಸುವಾಗ ಬಿದ್ದಳು. ಏನೂ ಮುರಿಯಲಿಲ್ಲ, ಆದರೆ ಅಂದಿನಿಂದ ಹಾಸಿಗೆ ಬಿಟ್ಟು ಏಳಲಿಲ್ಲ. ಅಂಜಿಕೆ ಅವಳನ್ನು ಕಟ್ಟಿಹಾಕಿತ್ತು. ಏಳದೆ ಏಳದೆ ಕಾಲು ಇನ್ನೂ ಸೋತವು, ಸೋತದ್ದಕ್ಕೆ ಅಂಜಿಕೆ ಇನ್ನೂ ಬೆಳೆಯಿತು.

ಅಕ್ಕ ಒಂದು ದಿನ ಅವಳ ಮನೆಗೆ ನುಗ್ಗಿ, “ಏಳ ಕಾಶೀ, ಕೈ ಊರಬ್ಯಾಡ, ತೊಡಿ ಮ್ಯಾಲೆ ಭಾರ ಹಾಕಿ ಏಳು. ನಾ ಹಿಡೀತೀನಿ,” ಎಂದಳು.

“ಬೀಳ್ತೀನಿ ಜಗದೇವಿ,” ಎಂದು ಕಾಶೀಬಾಯಿ ಅತ್ತಳು.

“ಬಿದ್ರ ನನ್ನ ಮ್ಯಾಲೆ ಬೀಳ್ತಿ. ನಾ ಮೆತ್ತಗ ಅದೀನಿ, ನೆಲದಂಗ ಇಲ್ಲ.”

ಹಾಗೆ ಶುರುವಾಯಿತು. ಶಾಲೆಯ ಪಕ್ಕದ ಖಾಲಿ ಪಡಸಾಲೆಯಲ್ಲಿ ಡಾಕ್ಟರ್ ಪರ್ವೀನ್ ಹೇಳಿಕೊಟ್ಟಂತೆ, ಅಕ್ಕ ದೊಡ್ಡ ಗಂಟಲಲ್ಲಿ ಲೆಕ್ಕ ಕೂಗುತ್ತ ನಮ್ಮಿಂದ ವ್ಯಾಯಾಮ ಮಾಡಿಸಿದಳು. ಕಲ್ಲುಕಟ್ಟೆಯಿಂದ ಕೈ ಊರದೆ ಏಳುವುದು, ಮೆಲ್ಲಗೆ ಕೂರುವುದು. ಗೋಡೆ ಮುಟ್ಟಿ ಒಂಟಿಗಾಲಲ್ಲಿ ನಿಲ್ಲುವುದು, ಆಮೇಲೆ ಗೋಡೆ ಬಿಡುವುದು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ನಡೆಯುವುದು. ಕೊನೆಗೆ ಕೈಗೆ ಲೇಜಿಮು ಕೊಟ್ಟು ಹಿಂದೆ ಮುಂದೆ ಹೆಜ್ಜೆ ಹಾಕಿಸುತ್ತಿದ್ದಳು. ಅದು ಜಲ್ ಜಲ್ ಎಂದರೆ ಮುದುಕಿಯರೆಲ್ಲ ಹುಡುಗಿಯರಂತೆ ನಗುತ್ತಿದ್ದೆವು. ಡಾಕ್ಟರ್ ಪರ್ವೀನ್ ಪಾಲಕರನ್ನು ಕಾಡಿ ಬೇಡಿ, ರಕ್ತ ಪರೀಕ್ಷೆಯಲ್ಲಿ ಹನಿಯ ಅಂಶ ತೀರ ಕಡಿಮೆ ಕಂಡವರಿಗೆ ಮತ್ತೆ ದಿನದ ಹನಿ ಕೊಡಿಸಿದರು. ಇದರಲ್ಲಿ ಪವಾಡವೇನೂ ಇರಲಿಲ್ಲ. ಬೇಸರದ, ನಿಧಾನದ ಕೆಲಸ. ಮೊದಮೊದಲು ತೊಡೆ ನೋಯುವುದರ ಹೊರತು ಏನೂ ಕಾಣಲಿಲ್ಲ. ಆದರೆ ಮುಂದಿನ ಬೇಸಿಗೆಯ ಹೊತ್ತಿಗೆ ಆಸ್ಪತ್ರೆಯಲ್ಲಿ ನಮ್ಮ ಓಣಿಯವರ ಹಾಸಿಗೆಗಳು ಖಾಲಿ ಬೀಳತೊಡಗಿದವು. ಕಾಶೀಬಾಯಿ ಒಬ್ಬಳೇ ಮೇಲಿನ ಅಂತಸ್ತಿಗೆ ಹತ್ತಿ ಮಗಳ ಮನೆಯಲ್ಲಿ ಊಟ ಮಾಡಿ ಬಂದಳು. ಬೇರೆ ಓಣಿಯವರು ಬಂದು ನಮಗೂ ಕಲಿಸಿರೆಂದು ಕೇಳಿದರು. ನನ್ನ ಬಾಳಿನಲ್ಲಿ ಅಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ಆ ಸುದ್ದಿ ಪಾಲಕ ರೇವಣಸಿದ್ಧನ ಕಿವಿಗೆ ಬಿತ್ತು. ಆತ ಕೆಟ್ಟ ಮನುಷ್ಯನಲ್ಲ. ಅದೇ ನನ್ನ ದುಃಖ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಯಂತ್ರಗಳು ದುರಸ್ತಿಯಾಗಿದ್ದವು, ಹನಿ ಹೇರಳವಾಗಿತ್ತು, ಮುದುಕಿಯರಿಗೆ ಏನಾದರೂ ದೊಡ್ಡದಾಗಿ ಮಾಡಬೇಕೆಂದು ಆತನಿಗೆ ಅನಿಸಿತು. ದಿನದಿನವೂ ಮನೆಮನೆಗೆ ಹನಿ ಹಂಚುವುದಕ್ಕಿಂತ ಇಡೀ ವರ್ಷದ್ದನ್ನು ಒಂದೇ ಸಲ ಕುಡಿಸಿಬಿಡುವ ಯೋಜನೆ ಮಾಡಿದ. ಅದಕ್ಕೆ ವರ್ಷಗುಟುಕು ಎಂದು ಹೆಸರಿಟ್ಟ. ಡಾಕ್ಟರ್ ಪರ್ವೀನ್ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಸಭೆಗೆ ಹೋದರು.

“ವರ್ಷದ ರೊಟ್ಟಿ ಒಂದೇ ಸಲ ತಿಂದ್ರ ವರ್ಷ ಪೂರ್ತಿ ಹೊಟ್ಟಿ ತುಂಬತದೇನ್ರಿ?” ಎಂದು ಅವರು ಕೇಳಿದರು. “ಹಳೇ ಕಾಲದಾಗ ಇದನ್ನ ಮಾಡಿ ನೋಡ್ಯಾರ. ಒಮ್ಮೆಲೇ ಅಷ್ಟು ಕುಡಿಸಿದ ಮುದುಕೇರು ಕಡಿಮಿ ಅಲ್ಲ, ಹೆಚ್ಚಿಗಿ ಬಿದ್ದಾರ. ದಿನಾ ಸ್ವಲ್ಪ ಕೊಡ್ರಿ. ಅದಕ್ಕಿಂತ ಮುಖ್ಯ, ಇವರ ವ್ಯಾಯಾಮ ನಿಲ್ಲಬಾರದು.”

ರೇವಣಸಿದ್ಧ ನಕ್ಕ. “ದಿನಾ ಹಂಚಲಕ್ಕ ಮಂದಿ ಎಲ್ಲಿಂದ ತರಲಿ ಡಾಕ್ಟರಮ್ಮ? ಈ ಅವ್ವಗೋಳು ವಯಸ್ಸಾದ ಕಾಲಕ್ಕ ಬಸ್ಕಿ ಹೊಡೀಬೇಕೇನು? ಆರಾಮ ಇರಲಿ ಬಿಡ್ರಿ.” ಸಭೆಯಲ್ಲಿದ್ದವರು ತಲೆದೂಗಿದರು. ನಮ್ಮ ಮೇಲಿನ ಕರುಣೆಯಿಂದಲೇ ತಲೆದೂಗಿದರು.

ವರ್ಷಗುಟುಕು ಕುಡಿಯದವರಿಗೆ ದಿನದ ಹನಿಯೂ ಇಲ್ಲವೆಂದು ಸಾರಿದರು. ಹೋಗುವುದೋ ಬಿಡುವುದೋ ಎಂದು ನಾವಿಬ್ಬರೂ ಬಹಳ ಹೊತ್ತು ಕೂತು ಮಾತಾಡಿದೆವು. ಕೊನೆಗೆ ಅಕ್ಕ, “ಏನೂ ಇಲ್ಲದಿದ್ದಾಗ ಹ್ಯಾಂಗ ಬಿದ್ವಿ ನೋಡೀವಲ್ಲ. ನಡಿ,” ಎಂದಳು. ವಾದ್ಯ ಬಾರಿಸಿ, ಕೊರಳಿಗೆ ಕಾಗದದ ಹೂವು ಹಾಕಿ, ಸಾಲಾಗಿ ಕೂರಿಸಿ ಕುಡಿಸಿದರು. ಎಣ್ಣೆಯಂಥ ರುಚಿ. ಮಾರನೆಯ ವಾರ ನಮ್ಮ ಪಡಸಾಲೆಯಲ್ಲಿ ಖಾಲಿ ಶೀಸೆಗಳನ್ನು ತುಂಬಿ ಬೀಗ ಹಾಕಿದರು. ಅಕ್ಕ ಓಣಿಯಲ್ಲೇ ಲೆಕ್ಕ ಕೂಗಲು ನಿಂತಳು. ಬಂದವರು ಕೆಲವರು. ಉಳಿದವರು ಬಾಗಿಲಲ್ಲಿ ಕೂತು, “ಔಷಧ ಕುಡದೀವಲ್ಲ ಜಗದೇವಿ, ಇನ್ಯಾಕ ಈ ಕಷ್ಟ?” ಎಂದರು. ಅವರಲ್ಲಿ ಕಾಶೀಬಾಯಿಯೂ ಇದ್ದಳು. ಆಮೇಲೆ ಕಾವಲಿನವರು ಬಂದು ದಾರಿಗೆ ಅಡ್ಡವಾಗುತ್ತದೆಂದು ನಮ್ಮನ್ನು ಒಳಗೆ ಕಳಿಸಿದರು.

ಅದೇ ಬೇಸಿಗೆಯಲ್ಲಿ ಬೀಳುವುದು ಮತ್ತೆ ಶುರುವಾಯಿತು, ಮೊದಲಿಗಿಂತ ಹೆಚ್ಚಾಗಿ. ಕಾಶೀಬಾಯಿಯ ಮುಂಗೈ ಮುರಿಯಿತು. ಅಕ್ಕ ಮನೆಯೊಳಗೆ ಗೂಡು ಹಿಡಿದು ಒಬ್ಬಳೇ ಒಂಟಿಗಾಲಲ್ಲಿ ನಿಲ್ಲುವ ಅಭ್ಯಾಸ ಬಿಟ್ಟಿರಲಿಲ್ಲ. ಆದರೂ ಬಿದ್ದಳು. ಬಿದ್ದದ್ದು ಎಲ್ಲಿಂದಲೋ ಹತ್ತುವಾಗ ಅಲ್ಲ, ಭಾರ ಎತ್ತುವಾಗ ಅಲ್ಲ. ನೀರಿನ ಕೊಳಾಯಿಯ ಬಳಿ ಯಾರೋ ಹಿಂದಿನಿಂದ “ಜಗದೇವಕ್ಕಾ” ಎಂದು ಕರೆದರು, ಅವಳು ಓ ಎನ್ನುತ್ತ ತಿರುಗಿದಳು. ಅಷ್ಟೇ. ನಾನು ಪಕ್ಕದಲ್ಲೇ ಇದ್ದೆ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಒಣಗಿದ ಕಟ್ಟಿಗೆಯ ಸದ್ದಿನಂತಿರುತ್ತದೆ ಎನ್ನುತ್ತಾರೆ. ನನಗೆ ಹಾಗೆ ಕೇಳಲಿಲ್ಲ, ಬಟ್ಟೆಯೊಳಗೆ ಬಟ್ಟಲು ಒಡೆದ ಹಾಗೆ ಕೇಳಿಸಿತು.

ಸೊಂಟದ ಕೀಲು ಮುರಿದಿತ್ತು. ಡಾಕ್ಟರ್ ಪರ್ವೀನ್ ಕೈಲಾದದ್ದನ್ನೆಲ್ಲ ಮಾಡಿದರು. ಅಷ್ಟು ಗಟ್ಟಿ ಗಂಟಲಿನವಳು ನೀರು ಬೇಕಾದರೂ ಕೈಸನ್ನೆ ಮಾಡುವವಳಾದಳು. ಒಂದು ದಿನ ನಾನು ಅವಳ ಕೆಳಗಿನ ಬಟ್ಟೆ ಬದಲಿಸುತ್ತಿದ್ದಾಗ ಮುಖ ಗೋಡೆಗೆ ತಿರುಗಿಸಿ, “ಮಹಾನಂದಾ, ಒಬ್ಬಾಕೇ ಎದ್ದು ಬಚ್ಚಲಕ್ಕ ಹೋಗಿ ಬರೂದು ಎಷ್ಟು ದೊಡ್ಡ ಸುಖ ಇತ್ತಲ್ಲ. ಇರೂತನಕ ಗೊತ್ತೇ ಆಗಲಿಲ್ಲ ನೋಡು,” ಎಂದಳು. ನಾನು ಹೊದಿಕೆ ಎಳೆದು ಅವಳ ಪಾದ ಮುಚ್ಚಿದೆ. ಕಫ ಎದೆಗೆ ಇಳಿಯಿತು, ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು.

ಸಭೆ ಕೂಡಿತು. ವ್ಯಾಯಾಮ ಕಲಿಸಿದವಳೇ ಬಿದ್ದು ಸತ್ತಳಲ್ಲ, ಹಾಗಾದರೆ ವ್ಯಾಯಾಮದಿಂದಲೇ ಕೆಡುಕು ಎಂದು ಒಬ್ಬರು ಹೇಳಿದರು. ಅದು ಎಲ್ಲರಿಗೂ ಸಲೀಸಾಗಿ ಅರ್ಥವಾಯಿತು. ಡಾಕ್ಟರ್ ಪರ್ವೀನ್ ಎದ್ದು ನಿಂತು ಗುಟುಕಿನ ಮಾತು ತೆಗೆದಾಗ, ಊರೆಲ್ಲ ಉತ್ಸವ ಮಾಡಿ ಕುಡಿಸಿದ್ದನ್ನು ತಪ್ಪು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬೀಳುವುದನ್ನು ಒಮ್ಮೆಗೇ ನಿಲ್ಲಿಸುವ ಉಪಾಯವೆಂದು ಕುಂದ್ರುಪಟ್ಟಿ ಬಂತು. ಅದು ಕುರ್ಚಿಗೆ ಹೊಲಿದ ಅಗಲವಾದ ಪಟ್ಟಿ. ಅರವತ್ತು ತುಂಬಿದ ಹೆಣ್ಣನ್ನು ದೀಪ ಹಚ್ಚುವ ಹೊತ್ತಿಗೆ ಅದರಲ್ಲಿ ಕೂರಿಸಿ ಸೊಂಟಕ್ಕೆ ಬಿಗಿಯುತ್ತಾರೆ, ದೀಪ ಆರಿಸುವಾಗ ಎತ್ತಿ ಮಲಗಿಸುತ್ತಾರೆ. ಕುರ್ಚಿಗೆ ಗಾಲಿಗಳಿವೆ, ಮೆತ್ತೆಗಳಿವೆ. ಪಟ್ಟಿಯ ಮೇಲೆ ಹೂವಿನ ಕಸೂತಿ ಹಾಕಿಸಿಕೊಡುವುದು ಮಗಳಾದವಳ ಕರ್ತವ್ಯವೆಂದು ಈಗ ರೂಢಿಯಾಗಿದೆ. ಇಂದು ನಮ್ಮ ಊರಲ್ಲಿ ಮುದುಕಿಯರು ಬೀಳುವುದಿಲ್ಲ. ಇದನ್ನು ಪಾಲಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೂತಲ್ಲೇ ಕೂತು ಬೆನ್ನು ಹುಣ್ಣಾಗಿ, ಕಾಲು ಬಾತು ಸಾಯುವುದನ್ನು ಬೀಳುವ ಲೆಕ್ಕಕ್ಕೆ ಸೇರಿಸುವುದಿಲ್ಲ.

ನನಗೀಗ ಎಂಬತ್ತು ದಾಟಿದೆ. ನನ್ನ ಮಗಳು ಶಶಿರೇಖಾ ಒಳ್ಳೆಯವಳು. ನನ್ನ ಪಟ್ಟಿಗೆ ನೀಲಿ ಹೂವು ಹೊಲಿದಿದ್ದಾಳೆ. ಮೊನ್ನೆ ಮೈತೊಳೆಸಲು ಪಟ್ಟಿ ಬಿಚ್ಚಿ, ಬಿಸಿನೀರು ತರಲು ಒಳಗೆ ಹೋದಳು. ನಾನು ಎರಡೂ ಪಾದ ನೆಲಕ್ಕೆ ಊರಿ ಮುಂದಕ್ಕೆ ಬಾಗಿದೆ. ತೊಡೆಗಳು ನಡುಗಿದವು, ಆದರೆ ಕುರ್ಚಿಯಿಂದ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ಅಷ್ಟರಲ್ಲಿ ಅವಳು ಬಂದು ನೋಡಿ ಚೀರಿದಳು.

“ಅವ್ವಾ! ಏನು ಮಾಡಲತ್ತೀ?”

“ನಿಂದ್ರಲತ್ತೀನಿ.”

“ವಯಸ್ಸಾದ ಹೆಂಗಸರು ಎಲ್ಲ್ಯಾರ ನಿಂದರತಾರೇನವ್ವ?” ಎಂದು ಅಳುತ್ತ, ಅಪ್ಪಿಕೊಂಡು ಕೂರಿಸಿ, ಪಟ್ಟಿ ಬಿಗಿದಳು. ಕಾಶೀಬಾಯಿ ಅಂತಸ್ತು ಹತ್ತಿ ಹೋದದ್ದನ್ನು ಕಣ್ಣಾರೆ ಕಂಡವಳು ಅವಳು. ಚಿಕ್ಕವಳೇನಾಗಿರಲಿಲ್ಲ. ಆದರೂ ಮರೆತಿದ್ದಾಳೆ. ಅವಳಿಗೂ ಬರುವ ವರ್ಷ ಅರವತ್ತು ತುಂಬುತ್ತದೆ. ತನ್ನ ಪಟ್ಟಿಗೆ ಯಾವ ಬಣ್ಣದ ದಾರ ಎಂದು ಈಗಲೇ ಆರಿಸುತ್ತಿದ್ದಾಳೆ.

ಡಾಕ್ಟರ್ ಪರ್ವೀನ್ ಈಗಿಲ್ಲ. ಇಲ್ಲಿ ಯಾರಿಗೆ ಹೇಳಿದರೂ ಮುದುಕಿಯ ಹಳಹಳಿಕೆ ಎನ್ನುತ್ತಾರೆ. ಆದ್ದರಿಂದ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ವಯಸ್ಸಾದ ಹೆಂಗಸು ಎದ್ದು ನಿಲ್ಲಲು ಹೊರಟಾಗ, ಪ್ರೀತಿಯಿಂದಲೇ ಆದರೂ, “ನೀ ಕೂತ್ಕೊ, ನಾ ತರ್ತೀನಿ” ಎನ್ನಬೇಡಿ. ಅವಳ ಪಕ್ಕದಲ್ಲಿ ನಿಲ್ಲಿ, ಏಳಲು ಬಿಡಿ. ಅವಳ ರಕ್ತದಲ್ಲಿ ಏನು ಕಡಿಮೆಯಿದೆ ಎಂದು ಡಾಕ್ಟರರನ್ನು ಕೇಳಿ, ಅವರು ಹೇಳಿದಷ್ಟನ್ನೇ ಕೊಡಿ. ಕಾಲು ಗಟ್ಟಿಯಾಗಲು ನಾಳೆಯೂ ಮಾಡಬೇಕು, ನಾಡಿದ್ದೂ ಮಾಡಬೇಕು; ಅದನ್ನು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ನೀವು ಹೀಗೆ ಮಾಡಿದರೆ ನನ್ನ ಅಕ್ಕ ಬದುಕುತ್ತಾಳೆಂದು ನಾನು ನಂಬಿಲ್ಲ. ನಿಮ್ಮಿಂದ ನಮ್ಮವರೆಗಿನ ದಾರಿ ಆಗಲೇ ಸವೆದು ಮುಗಿದಿದೆ.

ದೀಪ ಆರಿಸುವ ಗಂಟೆ ಬಾರಿಸುತ್ತಿದೆ. ನನ್ನನ್ನು ಎತ್ತಿ ಮಲಗಿಸಲು ಬರುತ್ತಿದ್ದಾರೆ. ನಿಮ್ಮಲ್ಲಿ ಈಗ ಬೆಳಕಿದ್ದರೆ, ನಿಮ್ಮ ತಾಯಿಯನ್ನು ಕರೆದುಕೊಂಡು ಹೊರಗೆ ಹೋಗಿ ಒಂದಿಷ್ಟು ನಡೆದು ಬನ್ನಿ. ಅವಳು ನಿಧಾನವಾಗಿ ನಡೆದರೆ ಅವಸರ ಮಾಡಬೇಡಿ.

ಇಂತಿ,
ಮಹಾನಂದಾ