ಬ್ಯಾಟರಿ ತೆಗೆಯದೆ ಬಿಟ್ಟದ್ದು

ಮಾರ್ಚ್ ೧೪, ಗುರುವಾರ

ಅಕ್ಕನ ಮನೆಯ ಹಳೇ ಕಂಪ್ಯೂಟರಿಗೆ ಇವತ್ತು ಜೀವ ಬಂತು. ಖುಷಿಯಾಗಬೇಕಿತ್ತು. ಊಟವೇ ಸೇರಲಿಲ್ಲ.

ಮದರ್‌ಬೋರ್ಡಿನ ಮೂಲೆಯಲ್ಲಿದ್ದ ಬ್ಯಾಟರಿ ಸೋರಿ, ಹಸಿರು ಕಿಲುಬು ಹಬ್ಬಿ, ಕೂದಲೆಳೆಯಂಥ ಮೂರು ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ವಿನೆಗರ್ ಹಚ್ಚಿ ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಿಕ್ಕಿದೆ. ಎಲ್ಲೆಲ್ಲಿ ಕಡಿದಿದೆ ಎಂದು ಮೀಟರ್ ಹಿಡಿದು ಹುಡುಕಿ, ತೆಳು ತಂತಿ ಬೆಸೆದೆ. ಸ್ವಿಚ್ ಹಾಕಿದರೆ ಒಂದೇ ಒಂದು ಬೀಪ್. ಅಕ್ಕ ಬಾಯಿಗೆ ಕೈ ಒತ್ತಿಕೊಂಡಳು. ಭಾವ ತೀರಿಕೊಳ್ಳುವ ಹಿಂದಿನ ವಾರದವರೆಗೂ ಇದರಲ್ಲೇ ಚೆಸ್ ಆಡುತ್ತಿದ್ದರು.

"ನಾನೇ ಕಣೋ ಹಾಳು ಮಾಡಿದ್ದು. ಬಚ್ಚಲ ಗೋಡೆ ಪಕ್ಕಕ್ಕೆ ಸರಿಸಿಬಿಟ್ಟೆ, ತೇವ ಹಿಡೀತು" ಎಂದಳು.

ತೇವ ಅಲ್ಲ. ಭಾವ ಹೋದಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟವನು ನಾನು. ಇಂಥ ಬ್ಯಾಟರಿ ಸೋರುತ್ತದೆ, ಮೊದಲು ಅದನ್ನು ಕತ್ತರಿಸಿ ತೆಗೆಸಿ ಎಂದು ನನ್ನ ರಿಪೇರಿ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬುದ್ಧಿ ಹೇಳುವವನೂ ನಾನೇ. ಅವತ್ತು ನಾಲ್ಕು ಸ್ಕ್ರೂ ಬಿಚ್ಚುವುದಕ್ಕೆ ಸೋಮಾರಿತನ. ಇನ್ನು ಇದನ್ನು ಯಾರು ಮುಟ್ಟುತ್ತಾರೆ ಅಂದುಕೊಂಡೆ. ಹನ್ನೊಂದು ವರ್ಷದಿಂದ ಅವಳು ವಾರಕ್ಕೊಮ್ಮೆ ಬಟ್ಟೆ ಬಿಚ್ಚಿ ಅದರ ಧೂಳು ಒರೆಸುತ್ತಿದ್ದಳಂತೆ.

ಹೇಳಿಬಿಡೋಣ ಎಂದೇ ಬಾಯಿ ತೆರೆದೆ. "ಹೋಗ್ಲಿ ಬಿಡಕ್ಕಾ, ನಿಂಗೇನು ಗೊತ್ತಿತ್ತು ಪಾಪ" ಎಂಬ ಮಾತು ಬಂತು.

ಅವಳ ಮುಖ ಎಷ್ಟು ಹಗುರಾಯಿತು! ಬಾಗಿಲ ತನಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಎಂಥ ದೊಡ್ಡ ಮನಸ್ಸು ನನ್ನದು. ನಾನು ಮಾಡಿದ ತಪ್ಪಿಗೆ ಅವಳನ್ನು ಕ್ಷಮಿಸಿ ಬಂದಿದ್ದೇನೆ.